ಒವ್ಲಜ್ಜನ ಪೆಟ್ರೋಲ್ ಡಬ್ಬಿಗಳು

ಲಾಂಗ್‌ವಿಕ
10 ನವೆಂಬರ್ 1991

ತಂಗಿ ಗಾರೆನ್,

ಮಾಂಸದ ಪೆಟ್ಟಿಗೆ, ಎರಡು ಚರ್ಮ ಬಸ್ಸಿನಲ್ಲಿ ಬಂದು ಸೇರಿದವು. ಸಾರಂಗದ ನಾಲಿಗೆಗಳನ್ನು ಬೇರೆಯಾಗಿ ಕಟ್ಟಿ ಕಳಿಸಿದ್ದು ನೋಡಿ ನಗು ಬಂತು. ನನ್ನ ನಾಲಿಗೆ ಚಪಲ ನಿನ್ನ ಮಾವ ಒವ್ಲಜ್ಜನಿಗೆ ಚೆನ್ನಾಗಿ ಗೊತ್ತು. ನಿಮ್ಮ ಪಾಲಿನ ಒಣಮೀನನ್ನು ಮುಂದಿನ ವಾರದ ಬಸ್ಸಿಗೆ ಹಾಕುತ್ತೇನೆ. ಗುಡ್ಡದ ಮನೆಗೂ ಕಡಲ ಮನೆಗೂ ನಮ್ಮಪ್ಪನ ಕಾಲದಿಂದ ನಡೆದುಬಂದ, ಕೊಟ್ಟು ತೆಗೆದುಕೊಳ್ಳುವ ಈ ವೆರ್ದೆ ನಂಟು ನನ್ನ ಕಾಲದಲ್ಲಿ ಸೊರಗಬಾರದು.

ಈ ವರ್ಷ ಹಿಮ ಬೇಗ ಬಿತ್ತು. ಗ್ಯಾರೇಜಿನ ಮುಂದೆ ಆಗಲೇ ಹಿಮಗಾಡಿಗಳ ಸಾಲು. ಅವುಗಳಲ್ಲಿ ಎರಡು ಒಂದೇ ರೀತಿ ಸತ್ತು ಬಂದಿವೆ. ಪಿಸ್ಟನ್ ಸಿಲಿಂಡರಿಗೆ ಬೆಸುಗೆ ಹಾಕಿದಂತೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗಿದೆ. ಹಳೆಯ ಗಾಡಿಗಳಾಗಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಕಂಪನಿಗೆ ಬರೆದಿದ್ದೇನೆ.

ಕಳೆದ ಬೇಸಿಗೆಯಲ್ಲಿ ಒವ್ಲಜ್ಜನ ಗಾಡಿಗೆ ನಾನು ಕೂರಿಸಿಕೊಟ್ಟ ಎಂಜಿನ್ ಹೇಗೆ ಓಡುತ್ತಿದೆ? ಮಗುಚಿ ಮೈ ಮುರಿದುಕೊಂಡ ಗಾಡಿಯಿಂದ ಬಿಚ್ಚಿದ್ದಾದರೂ ಅದು ಹೊಸದರಂತೆಯೇ ಇತ್ತು. ಅಜ್ಜ ಈಗಲೂ ಪೆಟ್ರೋಲ್ ಡಬ್ಬಿಗೆ ಕೈಯಾರೆ ಆಯಿಲ್ ಸುರಿಯುತ್ತಾರೆಯೇ? ಈಗಿನ ಗಾಡಿಗೆ ಆಯಿಲ್ ಟ್ಯಾಂಕು ಬೇರೆಯೇ ಇದೆ, ಪಂಪು ತಾನೇ ಅಳತೆ ನೋಡಿ ಎಂಜಿನ್‌ಗೆ ಕುಡಿಸುತ್ತದೆ ಎಂದು ನಾನು ಹೇಳಿದಾಗ ಅವರು ಕೊಟ್ಟ ಉತ್ತರ ಇನ್ನೂ ನೆನಪಿದೆ. "ಪಂಪು ಕುಡಿಸಿದ್ದನ್ನ ನಾನು ಕಣ್ಣಾರೆ ಕಂಡಿಲ್ಲ ಕಣೋ. ನಾನು ಸುರಿದಿದ್ದನ್ನ ಕಂಡಿದೀನಿ."

ಸುರಿಯಲಿ ಬಿಡು. ಹೊಗೆ ಸ್ವಲ್ಪ ಜಾಸ್ತಿ ಬರುತ್ತದೆ, ಅಷ್ಟೇ.

ಉತ್ತರವನ್ನು ಪತ್ರದಲ್ಲೇ ಬರೆ. ಇಷ್ಟು ವರ್ಷ ಎಂಜಿನ್‌ಗಳ ಪಕ್ಕ ನಿಂತು ನನ್ನ ಕಿವಿ ಫೋನಿಗೆ ಪ್ರಯೋಜನವಿಲ್ಲದಂತಾಗಿದೆ. ಎದುರು ಕೂತವರ ತುಟಿ ನೋಡಿದರೆ ಮಾತ್ರ ಮಾತು ತಿಳಿಯುತ್ತದೆ.

ಐಲಿಫ್

*

ಲೊಪ್ಪಲ್
3 ಡಿಸೆಂಬರ್ 1991

ಐಲಿಫಣ್ಣ,

ಮೀನು ಬಂತು. ಅರ್ಧ ಆಗಲೇ ಮುಗಿದಿದೆ. ಚಳಿಗಾಲಕ್ಕೆ ಸೂರ್ಯ ಮರೆಯಾದಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹಸಿವು ಜಾಸ್ತಿ.

ಹಿಂಡು ತೆಂಕಣ ಗುಡ್ಡದಲ್ಲಿದೆ. ನಮ್ಮ ಯಜಮಾನರು ಆಸ್ಲಾತ್ ವಾರವೆಲ್ಲ ಅಲ್ಲೇ ಇದ್ದು, ಭಾನುವಾರ ಬಟ್ಟೆ ಬದಲಿಸಲು ಮನೆಗೆ ಬರುತ್ತಾರೆ. ರಿಸ್ತೆನ್ ಪಟ್ಟಣದ ಓದು ಮುಗಿಸಿ ಬಂದಿದ್ದಾಳೆ. ಅಲ್ಲಿ ಕೆಲಸ ಹುಡುಕಬಾರದೇ ಎಂದು ಕೇಳಿದೆ. "ಅಲ್ಲಿ ಎಲ್ರೂ ಗಡಿಯಾರ ನೋಡ್ಕೊಂಡು ಊಟ ಮಾಡ್ತಾರಮ್ಮ. ನಂಗೆ ಆಗಲ್ಲ," ಎಂದಳು. ಮಗಳು ಮನೆಯಲ್ಲಿದ್ದರೆ ನನಗೂ ಬೆಳಕು. ನಿಮಗೆ ಮಾತ್ರ ಹೇಳುತ್ತಿದ್ದೇನೆ, ಅವಳಿಗೆ ಹೇಳಿಲ್ಲ.

ಮಾವ ಚೆನ್ನಾಗಿದ್ದಾರೆ. ಕೊಟ್ಟಿಗೆ ಬಾಗಿಲಲ್ಲಿ ಬೆಂಚು ಹಾಕಿಕೊಂಡು ಡಬ್ಬಿಗಳಿಗೆ ಆಯಿಲ್ ಬೆರೆಸುವ ಕೆಲಸ ತಪ್ಪಿಲ್ಲ. ರಿಸ್ತೆನ್ ಸುಮ್ಮನಿರುವವಳಲ್ಲ.

"ಅಜ್ಜ, ಅದು ಎಂಜಿನ್. ಕಾಫಿ ಅಲ್ಲ, ಕೆನೆ ಹಾಕಕ್ಕೆ."

"ನಿಂಗೆ ಕಾಫಿ ಮಾಡಕ್ಕೂ ಬರಲ್ಲ. ಬಾಯ್ಮುಚ್ಕೊಂಡು ಮುಚ್ಚಳ ಹಾಕು."

ಮುಚ್ಚಳ ಬಿಗಿಮಾಡುವುದು ಅವಳ ಕೆಲಸ. ಗಾಡಿ ನೀರು ಎಳೆಯುತ್ತದೆ, ಸೌದೆ ಎಳೆಯುತ್ತದೆ. ನೀವು ಕೊಟ್ಟ ಎಂಜಿನ್ ಒಂದು ದಿನವೂ ಮುನಿಸಿಕೊಂಡಿಲ್ಲ. ಮಾವನಿಗೂ ಈಗೀಗ ಫೋನಿನಲ್ಲಿ ಮಾತು ಬೇಡ. ನೀವಿಬ್ಬರೂ ಒಳ್ಳೇ ಜೋಡಿ.

ಗಾರೆನ್

*

ಲಾಂಗ್‌ವಿಕ
19 ಜನವರಿ 1992

ತಂಗಿ ಗಾರೆನ್,

ಸತ್ತ ಗಾಡಿಗಳ ಸಂಖ್ಯೆ ಬೆಳೆಯುತ್ತಿದೆ. ಮೊನ್ನೆ ನಮ್ಮ ಕಡೆಯವನೊಬ್ಬನ ಗಾಡಿ ಬಯಲ ನಡುವೆ ನಿಂತುಹೋಗಿ, ಅವನು ಗಾಳಿಗೆ ಎದುರಾಗಿ ನಡೆದು ಮನೆ ಸೇರಿದ. ಹಿಮ ಕಚ್ಚಿ ಒಂದು ಕಿವಿ ಕಪ್ಪಾಗಿದೆ. ಕಂಪನಿಯಿಂದ ಒಬ್ಬ ಮನುಷ್ಯ ಬಂದಿದ್ದ. ಹಿಮಕ್ಕೆ ಆಗದ ಬೂಟು ಹಾಕಿಕೊಂಡು ಗ್ಯಾರೇಜಿನಲ್ಲಿ ಎರಡು ಸಲ ಜಾರಿಬಿದ್ದ. ಸೀಜ್ ಆದ ಎಂಜಿನ್‌ಗಳನ್ನು ಪೆಟ್ಟಿಗೆಗೆ ಹಾಕಿಸಿ ತೆಗೆದುಕೊಂಡು ಹೋದ. ಗಾಡಿಗಳನ್ನು ಕಂಪನಿ ವಾಪಸ್ ಕರೆಸಿಕೊಳ್ಳುತ್ತದೆಯೇ ಎಂದು ಕೇಳಿದೆ. ಅವನು ತುಟಿ ಆಡಿಸಿದ. ನಾನು ನೋಡುತ್ತಲೇ ಇದ್ದೆ. ಆ ತುಟಿಗಳಿಂದ ಒಂದು ಮಾತೂ ಹೊರಬರಲಿಲ್ಲ.

ಅನುಮಾನವಿರುವ ಗಾಡಿಗಳ ಚಾಸಿ ನಂಬರುಗಳ ಪಟ್ಟಿಯನ್ನು ನಮ್ಮಂಥ ರಿಪೇರಿಯವರಿಗೆ ಕಳಿಸಿದ್ದಾರೆ. ನಿಮ್ಮ ಗಾಡಿಯ ಚಾಸಿ ನಂಬರನ್ನು ಹುಡುಕಿದೆ. ಅದರಲ್ಲಿ ಇಲ್ಲ. ಹಾಗಾಗಿ ನೀವು ಚಿಂತೆ ಮಾಡಬೇಡಿ.

ಸುಮ್ಮನೆ ಒಂದು ಕುತೂಹಲ. ಗಾಡಿ ಎಷ್ಟು ಆಯಿಲ್ ಕುಡಿಯುತ್ತಿದೆ? ಟ್ಯಾಂಕಿಗೆ ಕೊನೆಯ ಸಲ ಹಾಕಿದ್ದು ಯಾವಾಗ? ನೆನಪಿದ್ದರೆ ಬರೆ.

ಅಜ್ಜನಿಗೆ ನಮಸ್ಕಾರ ಹೇಳು. ಗಾಡಿ ಅವರ ಕೈಯಲ್ಲೇ ಇದೆಯಲ್ಲ?

ಐಲಿಫ್

*

ಲೊಪ್ಪಲ್
16 ಫೆಬ್ರವರಿ 1992

ಐಲಿಫಣ್ಣ,

ನಿಮ್ಮ ಪತ್ರವನ್ನು ಆಸ್ಲಾತ್‌ಗೆ ಓದಿ ಹೇಳಿದೆ. "ಎಷ್ಟು ಕುಡಿಯುತ್ತೆ ಅಂತ ಯಾಕೆ ಕೇಳ್ತಾನೆ ಇವನು? ನಿಮ್ಮ ಹಿಂಡಲ್ಲಿ ಎಷ್ಟು ಸಾರಂಗ, ಎಷ್ಟು ಆಸ್ತಿ ಅಂತ ಕೇಳ್ದಂಗಾಯ್ತು," ಎಂದು ನಕ್ಕರು. ಆಮೇಲೆ ನೀವು ಕೇಳುತ್ತಿರುವುದು ಬೇರೇನೋ ಎಂದು ಇಬ್ಬರಿಗೂ ಹೊಳೆಯಿತು. ಅಷ್ಟು ದೊಡ್ಡ ಎಂಜಿನ್ ಕೊಟ್ಟಿರಿ. ಅದಕ್ಕೆಂದು ನಾವು ಬೇರೆ ಏನನ್ನೂ ಕೊಡಲಿಲ್ಲ. ವೆರ್ದೆಯವರು ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ತಿಳಿದುಕೊಳ್ಳಬೇಕು. ತಡವಾಯಿತು, ಬೇಸರ ಬೇಡ. ಇದರ ಜೊತೆ ನಾನೇ ಹೊಲಿದ ಸಾರಂಗ ಚರ್ಮದ ಬೂಟು ಕಳಿಸುತ್ತಿದ್ದೇನೆ. ಒಳಗೆ ಹಾಕಲು ಒಣಹುಲ್ಲೂ ಇದೆ. ನಿಮ್ಮ ಕಂಪನಿ ಮನುಷ್ಯನಿಗೆ ಮಾತ್ರ ಕೊಡಬೇಡಿ.

ನಿಮ್ಮ ಪ್ರಶ್ನೆಗೆ ಉತ್ತರ: ಗಾಡಿ ಕುಡಿಯುವುದೇ ಇಲ್ಲ! ಕ್ರಿಸ್‌ಮಸ್‌ಗೆ ಮೊದಲು ಟ್ಯಾಂಕು ತುಂಬಿಸಿದ್ದು, ಇವತ್ತು ನೋಡಿದರೂ ಕಂಠದವರೆಗೆ ಹಾಗೇ ಇದೆ. ಮೊದಲಿನಷ್ಟು ಹೊಗೆಯೂ ಬರುವುದಿಲ್ಲ. ಇಷ್ಟು ಕಡಿಮೆಯಲ್ಲಿ ಬದುಕುವ ಎಂಜಿನ್ ಈ ಊರಿನಲ್ಲಿ ಬೇರೆ ಯಾರ ಬಳಿಯೂ ಇಲ್ಲ.

ಚಾಸಿ ನಂಬರಿನ ವಿಷಯ ಎಲ್ಲರಿಗೂ ಹೇಳಿದೆ. ಇಲ್ಲಿ ಇನ್ನೂ ನಾಲ್ಕು ಮನೆಗಳಲ್ಲಿ ಅದೇ ಕಂಪನಿಯ ಗಾಡಿಗಳಿವೆ. ಅವರೆಲ್ಲ ದೂರ ಹೋಗಲು ಹೆದರುತ್ತಿದ್ದಾರೆ. ನಂಬಬಹುದಾದದ್ದು ನಮ್ಮದೊಂದೇ.

ಮಾವ ಹೇಗಿದ್ದರೋ ಹಾಗೇ ಇದ್ದಾರೆ.

ಗಾರೆನ್

*

ಲಾಂಗ್‌ವಿಕ
8 ಮಾರ್ಚ್ 1992

ತಂಗಿ ಗಾರೆನ್,

ಬೂಟು ಕಾಲಿಗೆ ಸರಿಯಾಗಿ ಕೂತಿದೆ. ಆದರೆ ನಾನು ಅದಕ್ಕಾಗಿ ಕೇಳಿದ್ದಲ್ಲ. ನಿನಗೆ ಹಾಗೆ ಅನಿಸಿದ್ದು ನನಗೆ ನಾಚಿಕೆ.

ಆಯಿಲ್ ಟ್ಯಾಂಕು ಇಳಿಯದೇ ಇರುವುದು ಅಷ್ಟು ಒಳ್ಳೆಯದಲ್ಲ. ಹೆದರುವಂಥದ್ದೂ ಅಲ್ಲ. ಪಂಪಿನೊಳಗೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ಹಲ್ಲುಚಕ್ರವಿದೆ. ಅದು ಸವೆದಿರಬಹುದು. ಪ್ರತಿ ವಸಂತದಂತೆ ನೀವು ಹಿಂಡಿನೊಂದಿಗೆ ಕಡಲಿಗೆ ಇಳಿದುಬಂದು ನನ್ನ ಅಂಗಳದಲ್ಲಿ ಗುಡಾರ ಹಾಕಿದಾಗ ಒಂದೇ ಮಧ್ಯಾಹ್ನದಲ್ಲಿ ಬದಲಿಸಿಕೊಡುತ್ತೇನೆ.

ಒವ್ಲಜ್ಜನಿಗೆ ಹೇಳು, ಸುರಿಯುವ ಕೈ ನಿಲ್ಲಿಸಬಾರದು ಅಂತ. ಪಂಪನ್ನು ನಂಬದವರೇ ಜಾಣರು ಅಂತ ಐಲಿಫ್ ಒಪ್ಪಿಕೊಂಡ ಅಂತಲೂ ಹೇಳು. ಅವರಿಗೆ ಖುಷಿಯಾಗುತ್ತದೆ.

ಕೆಳಗಿನ ಸಾಲುಗಳನ್ನು ನಾನೇ ಹೊಡೆದುಹಾಕಿದ್ದು. ಬೇರೆ ಹಾಳೆ ಇರಲಿಲ್ಲ.

ಈ ಪತ್ರವನ್ನು ಅಕ್ಕಪಕ್ಕದವರಿಗೆ ಓದಿ ಹೇಳಬೇಡ.

ಐಲಿಫ್

*

ಗುಕ್ಕೆಸ್ ಸರೋವರದ ತಂಗುಮನೆ
22 ಏಪ್ರಿಲ್ 1992

ಐಲಿಫಣ್ಣ,

ಹೊರಟಿದ್ದೇವೆ! ಹಿಂಡು ಸರೋವರದ ಈಚೆ ದಡದಲ್ಲಿ ಮಲಗಿದೆ. ನಾಳೆ ಮುಂಜಾನೆ ಹಿಮ ಗಟ್ಟಿಯಾಗಿರುವಾಗಲೇ ದಾಟುತ್ತೇವೆ. ಆಮೇಲೆ ಇಳಿಜಾರು. ಭಾನುವಾರದ ಹೊತ್ತಿಗೆ ನಿಮ್ಮ ಒಲೆಯ ಮೇಲೆ ಮೂಳೆ ಬೇಯುತ್ತಿರುತ್ತದೆ. ತಂಗುಮನೆಯ ಸಿಗ್ನೆ ನಾಳೆಯ ಅಂಚೆಗೆ ಇದನ್ನು ಹಾಕುತ್ತಾಳೆ. ಪತ್ರ ಮೊದಲು ಬರುತ್ತದೋ ನಾವು ಮೊದಲು ಬರುತ್ತೇವೋ ಗೊತ್ತಿಲ್ಲ.

ಬರುವ ಮೊದಲು ನಿಮಗೊಂದು ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ಅಂಗಳದಲ್ಲಿ ನಮ್ಮನ್ನು ಎಣಿಸಿ ಗಾಬರಿಯಾಗುತ್ತೀರಿ. ಮಾವ ನಮ್ಮ ಜೊತೆ ಇಲ್ಲ. ಕಳೆದ ಅಕ್ಟೋಬರಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲುತ್ತದೆ. ನಿಮಗೆ ಬರೆಯಲು ಕೂತಾಗಲೆಲ್ಲ ಎಡಗೈ ಅಡ್ಡ ಇಡುತ್ತಿದ್ದರು. "ಐಲಿಫ್‌ಗೆ ಹೇಳ್ಬೇಡ. ಅವನ ಕಣ್ಣಲ್ಲಿ ನಾನು ಗಾಡಿ ಮೇಲೇ ಕೂತಿರ್ಲಿ." ಅದಕ್ಕೇ ಬರೆಯಲಿಲ್ಲ. ಈಗ ನನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದೇವೆ.

ಅಕ್ಟೋಬರಿನಿಂದಲೂ ಅವರ ಗಾಡಿಯನ್ನು ನಡೆಸುತ್ತಿರುವವಳು ರಿಸ್ತೆನ್. ಮೊದಲು ನೀರು, ಸೌದೆಗೆ ಮಾತ್ರ. ಈಗ ಹಿಂಡಿನ ಮುಂದೆ ಹೋಗುವ ಗಾಡಿಯೂ ಅದೇ. ಯಾರ ಗಾಡಿ ಮುಂದೆ ಹೋಗಬೇಕು ಎಂಬ ಮಾತು ಬಂದಾಗ ಎಲ್ಲರೂ ನಮ್ಮದನ್ನೇ ತೋರಿಸಿದರು. ನಂಬರು ಪಟ್ಟಿಯಲ್ಲಿ ಇಲ್ಲವೆಂದು ನೀವೇ ಬರೆದಿದ್ದಿರಲ್ಲ. ಹೊಳೆ ಬಂದು ಸರೋವರ ಸೇರುವ ಜಾಗದಲ್ಲಿ ಮಂಜುಗಡ್ಡೆ ತೆಳ್ಳಗಿದೆ. ಅಲ್ಲಿ ನಿಲ್ಲದೆ ಹೋದರೆ ಗಾಡಿ ದಾಟುತ್ತದೆ, ನಿಂತರೆ ಕಷ್ಟ. ಹಾಗಾಗಿ ನಂಬಿಕೆಯ ಎಂಜಿನ್ ಮುಂದಿರಲಿ ಎಂದು ಆಸ್ಲಾತ್ ಕೂಡ ಒಪ್ಪಿದರು. ರಿಸ್ತೆನ್ ಗಾಡಿಯ ಹಿಂದೆ ಮುಂದಾಳು ಸಾರಂಗವನ್ನು ಹಗ್ಗದಲ್ಲಿ ಕಟ್ಟಿಕೊಂಡು ಹೋಗುತ್ತಾಳೆ, ಹಿಂಡು ಅದರ ಹಿಂದೆ. ಜಂಬ ನೋಡಬೇಕು ಅವಳದು. ಅಪ್ಪನಿಗೇ ಆಜ್ಞೆ ಮಾಡುತ್ತಿದ್ದಾಳೆ. "ನನ್ನ ಹಿಂದೆ ಬಾ. ಹೊಗೆ ಕುಡಿಬೇಕಾಗುತ್ತೆ, ಕುಡಿ."

ಮಾವನ ಇನ್ನೊಂದು ವಿಷಯ ಹೇಳುವುದು ಮರೆತೆ. ಎಡಗೈಯಲ್ಲೇ ಚಳಿಗಾಲವಿಡೀ ಡಬ್ಬಿ ಬೆರೆಸಿದರು. ಅವರಿಗೆ ಉಳಿದಿರುವ ಕೆಲಸ ಅದೊಂದೇ, ನಾವು ಯಾರೂ ತಡೆಯಲಿಲ್ಲ. ದಾರಿಗೂ ಅವರ ಡಬ್ಬಿಗಳನ್ನೇ ತಂದಿದ್ದೆವು. ಹಿಂಡು ಎರಡು ಸಲ ಚದುರಿ ಸುತ್ತಾಡಿಸಿದ್ದರಿಂದ ಕೊನೆಯದು ಇವತ್ತು ಮುಗಿಯಿತು. ಈಗ ಸಿಗ್ನೆಯ ಪಂಪಿನಿಂದ ರಿಸ್ತೆನ್ ಪೆಟ್ರೋಲ್ ತುಂಬಿಸುತ್ತಿದ್ದಾಳೆ. ಕಿಟಕಿಯಿಂದ ಕಾಣುತ್ತಿದ್ದಾಳೆ. "ಅಂತೂ ಕಾಫಿಗೆ ಕೆನೆ ಇಲ್ಲದ ದಿನ ಬಂತು," ಎಂದು ನಗುತ್ತಿದ್ದಾಳೆ.

ನೀವು ಹೊಡೆದುಹಾಕಿದ ಸಾಲುಗಳನ್ನು ದೀಪಕ್ಕೆ ಹಿಡಿದು ನೋಡಿದೆವು. ಒಂದಕ್ಷರವೂ ಕಾಣಲಿಲ್ಲ. ಏನು ಬರೆದಿದ್ದಿರಿ? ಬಂದಾಗ ಹೇಳಿ.

ಗಾರೆನ್

*

ಲಾಂಗ್‌ವಿಕ
23 ಏಪ್ರಿಲ್ 1992

ಗಾರೆನ್,

ಇದು ನಿನಗೆ ಎಲ್ಲಿ ಸಿಗುತ್ತದೋ ಅಲ್ಲೇ ಗಾಡಿ ನಿಲ್ಲಿಸು. ಮುಂದಿನದನ್ನು ಆಮೇಲೆ ಓದು.

ಕಂಪನಿ ಇವತ್ತು ಒಪ್ಪಿಕೊಂಡಿತು. ಗಾಡಿಗಳನ್ನು ವಾಪಸ್ ಕರೆಸುತ್ತಿದ್ದಾರೆ. ಆ ಸಣ್ಣ ಹಲ್ಲುಚಕ್ರ ಚಳಿಗೆ ಸೀಳುತ್ತದೆ. ಸೀಳಿದರೆ ಪಂಪು ನಿಲ್ಲುತ್ತದೆ, ಟ್ಯಾಂಕಿನಿಂದ ಎಂಜಿನ್‌ಗೆ ಒಂದು ತೊಟ್ಟು ಆಯಿಲ್ ಹೋಗುವುದಿಲ್ಲ. ಅದಕ್ಕೇ ನಿಮ್ಮ ಟ್ಯಾಂಕು ಇಳಿಯಲಿಲ್ಲ. ಹೊಗೆ ಕಡಿಮೆಯಾದದ್ದೂ ಅದಕ್ಕೇ. ನೀನು ಫೆಬ್ರವರಿಯಲ್ಲಿ ಹೊಗಳಿ ಬರೆದ ಎಂಜಿನ್ ಅಷ್ಟರಲ್ಲೇ ಒಣಗಿತ್ತು. ಅದನ್ನು ಓಡಿಸುತ್ತಿರುವುದು ಒವ್ಲಜ್ಜ ಡಬ್ಬಿಗೆ ಸುರಿಯುವ ಆಯಿಲ್ ಮಾತ್ರ.

ಚಾಸಿ ನಂಬರು ಪಟ್ಟಿಯಲ್ಲಿ ಇಲ್ಲವೆಂದು ಬರೆದದ್ದು ನಿಜ. ಆದರೆ ಗಾಡಿ ನಿಮ್ಮದು, ಎಂಜಿನ್ ಬೇರೆಯದು. ಆ ಎಂಜಿನ್ ಬಿಚ್ಚಿದ ಮುರುಕು ಗಾಡಿ ನನ್ನ ಗ್ಯಾರೇಜಿನ ಹಿಂದೆಯೇ ಬಿದ್ದಿದೆ. ಅದರ ನಂಬರು ಪಟ್ಟಿಯಲ್ಲಿದೆ. ಜನವರಿಯಲ್ಲೇ ನೋಡಿದ್ದೆ. ಒಂದರ ಎಂಜಿನ್ ಇನ್ನೊಂದಕ್ಕೆ ಕೂರಿಸಿದ ಗಾಡಿಗಳ ಗತಿಯೇನೆಂದು ಕಂಪನಿಯನ್ನು ಕೇಳಿದೆ. ತೀರ್ಮಾನವಾಗುವವರೆಗೆ ಯಾರಿಗೂ ಹೇಳಕೂಡದು, ಹೇಳಿದವರ ಗ್ಯಾರೇಜಿನಿಂದ ಕಂಪನಿಯ ಬೋರ್ಡು ಇಳಿಯುತ್ತದೆ ಎಂದು ಉತ್ತರ ಬಂತು. ಈ ಕಡಲ ದಡದಲ್ಲಿ ಇರುವುದು ನನ್ನದೊಂದೇ ಗ್ಯಾರೇಜು. ಹೊಡೆದುಹಾಕಿದ ಸಾಲುಗಳಲ್ಲಿ ಇದನ್ನೇ ಬರೆದಿದ್ದೆ.

ಗಾಡಿ ಅಜ್ಜನ ಕೈಯಲ್ಲಿದೆ, ನೀರು ಸೌದೆಗೆ ಮಾತ್ರ, ಅವರು ಆಯಿಲ್ ಸುರಿಯದೆ ಬಿಡುವವರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒವ್ಲಜ್ಜ ಬೆರೆಸದ ಪೆಟ್ರೋಲನ್ನು ಅದಕ್ಕೆ ಹಾಕಬೇಡಿ. ಅವರನ್ನು ಬಿಟ್ಟು ಬೇರೆ ಯಾರೂ ನಡೆಸಬೇಡಿ. ನೀವು ಪ್ರತಿವರ್ಷ ಇಳಿಯುವ ತಂಗುಮನೆಗೆ ಫೋನ್ ಮಾಡಿ ಇಷ್ಟನ್ನೂ ಹೇಳು ಎಂದು ಅಂಚೆ ಕಚೇರಿಯ ಟೂರಿಡ್‌ಗೆ ಬರೆದುಕೊಟ್ಟಿದ್ದೇನೆ. ಅವಳು ಈಗ ಮಾತಾಡುತ್ತಿದ್ದಾಳೆ. ನಾನು ಗಾಜಿನ ಈಚೆ ನಿಂತು ಬರೆಯುತ್ತಿದ್ದೇನೆ.

ಅವಳು ಫೋನ್ ಇಟ್ಟಳು. ಸಿಗ್ನೆ ಹೇಳಿದ್ದನ್ನು ಚೀಟಿಯಲ್ಲಿ ಬರೆದು ಗಾಜಿನ ಕೆಳಗಿನಿಂದ ತಳ್ಳಿದಳು. "ಬೆಳಿಗ್ಗೆಯೇ ಹೊರಟರು. ಮುಂದಿನ ಗಾಡಿಯಲ್ಲಿ ಹುಡುಗಿ ಇದ್ದಳು. ನಮ್ಮಲ್ಲೇ ಪೆಟ್ರೋಲ್ ತುಂಬಿಸಿಕೊಂಡರು."

ಹುಡುಗಿ ಯಾರು, ಗಾರೆನ್? ಅಜ್ಜ ಎಲ್ಲಿ?

*

ಲೊಪ್ಪಲ್
17 ಮೇ 1992

ಐಲಿಫಣ್ಣ,

ಇವತ್ತು ದೇಶದ ಹಬ್ಬದ ದಿನ, ಊರಿನಲ್ಲಿ ಮಕ್ಕಳ ಬಾವುಟದ ಮೆರವಣಿಗೆ. ನಮ್ಮ ಮನೆಯ ಮುಂದೆ ಬಂದಾಗ ವಾದ್ಯ ನಿಲ್ಲಿಸಿ ಹಾದುಹೋದರು.

ನಿಮ್ಮ ಪತ್ರವನ್ನು ಸಿಗ್ನೆ ನನ್ನ ಕೈಗೆ ಕೊಟ್ಟಾಗ ಎಲ್ಲ ಮುಗಿದಿತ್ತು. ನಡೆದದ್ದನ್ನು ಬೇರೆಯವರ ಬಾಯಿಂದ ಕೇಳಿರುತ್ತೀರಿ. ನಾನು ಕಂಡದ್ದನ್ನು ಬರೆಯುತ್ತೇನೆ.

ಸಿಗ್ನೆಯ ಪೆಟ್ರೋಲಿನಲ್ಲಿ ಗಾಡಿ ಸರೋವರದ ಅರ್ಧ ದಾರಿ ಚೆನ್ನಾಗಿಯೇ ಓಡಿತು. ಮಾವ ಬೆರೆಸಿದ್ದು ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಸ್ವಲ್ಪ ಉಳಿದಿತ್ತೆಂದು ಕಾಣುತ್ತದೆ. ಹೊಳೆ ಸೇರುವ ಜಾಗ ಬಂದಾಗ ರಿಸ್ತೆನ್ ಎದ್ದುನಿಂತು ಕೈ ಬೀಸಿ ವೇಗ ಹೆಚ್ಚಿಸಿದಳು. ಆಗ ಸದ್ದು ನಿಂತಿತು. ಎಂಜಿನ್ ಗೊರಗುಟ್ಟಲಿಲ್ಲ, ಕೆಮ್ಮಲಿಲ್ಲ. ಸದ್ದು ಇತ್ತು, ಆಮೇಲೆ ಇರಲಿಲ್ಲ. ಗಾಡಿ ಅಲ್ಲೇ ಕಚ್ಚಿಕೊಂಡು ನಿಂತಿತು. ಅವಳು ತಿರುಗಿ ಮೊದಲು ಮಾಡಿದ್ದು ಸಾರಂಗದ ಹಗ್ಗ ಕಡಿದದ್ದು. ಅದನ್ನು ನಾನು ಕಂಡೆ, ಚಾಕು ಹೊಳೆಯಿತು. ಅಷ್ಟರಲ್ಲಿ ಗಾಡಿಯ ಕೆಳಗಿನ ಮಂಜುಗಡ್ಡೆ ಒಡೆಯಿತು. ಹಗ್ಗ ಹಾಗೇ ಇದ್ದಿದ್ದರೆ ಮುಂದಾಳುವಿನ ಹಿಂದೆ ಹಿಂಡೆಲ್ಲ ಆ ನೀರಿಗೆ ಇಳಿಯುತ್ತಿತ್ತು. ಹಗ್ಗ ಕಡಿಯುವ ಬದಲು ಹಾರಿದ್ದರೆ ಏನಾಗುತ್ತಿತ್ತೋ, ಅದನ್ನು ನಾನು ಯಾರ ಹತ್ತಿರವೂ ಮಾತಾಡುವುದಿಲ್ಲ.

ಆಸ್ಲಾತ್ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದರು. ಕೈಗೆ ಸಿಕ್ಕಿದ್ದು ಅವಳ ಟೋಪಿ. ಸರೋವರದ ಮಂಜುಗಡ್ಡೆ ಜೂನ್‌ನಲ್ಲಿ ಕರಗುತ್ತದೆ. ಅಲ್ಲಿಯವರೆಗೆ ಕಾಯಬೇಕೆಂದು ಪೊಲೀಸರು ಹೇಳಿದರು. ಕಾಯುತ್ತಿದ್ದೇವೆ.

ಹಿಂಡು ಈ ಸಲ ನಿಮ್ಮ ಅಂಗಳ ತಪ್ಪಿಸಿ ಬೇರೆ ದಾರಿಯಲ್ಲಿ ಇಳಿಯಿತು. ಆಸ್ಲಾತ್ ಹೇಳಿದ್ದು ಹಾಗೆ. ನಾನು ಎದುರು ಮಾತಾಡಲಿಲ್ಲ.

ಊರಿನ ಉಳಿದ ನಾಲ್ಕೂ ಗಾಡಿಗಳನ್ನು ಕಂಪನಿಯವರು ಬಂದು ಸರಿಮಾಡಿ ಕೊಟ್ಟರು. ನಮಗೆ ಉತ್ತರ ಬಂದಿದೆ. ನಮ್ಮ ಚಾಸಿ ನಂಬರು ಪಟ್ಟಿಯಲ್ಲಿ ಇಲ್ಲವಂತೆ. ಆದರೂ ಎಂಜಿನ್ ತಂದು ತೋರಿಸಿದರೆ ಪರಿಶೀಲಿಸುತ್ತಾರಂತೆ.

ನಿಮ್ಮನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಬೈಯಲು ಕೂತರೆ ನಾನು ಮುಚ್ಚಿಟ್ಟದ್ದೂ ಬರೆಯಬೇಕಾಗುತ್ತದೆ. ನೀವು ಆಯಿಲ್ ಎಷ್ಟೆಂದು ಕೇಳಿದಾಗ ನಾನು ಬೂಟು ಹೊಲಿದು ಕಳಿಸಿದೆ. ನಾನು ಬರೆಯುತ್ತಿರುವುದು ಮಾವನಿಗಾಗಿ.

ಅವರನ್ನು ಅಕ್ಕನ ಮನೆಯಿಂದ ಕರೆತಂದು ರಿಸ್ತೆನ್ ವಿಷಯ ಹೇಳಿದೆವು. ಅವರು ಅಳಲಿಲ್ಲ. ಅರ್ಧ ಬಾಯಲ್ಲಿ ಕೇಳಿದರು, "ಡಬ್ಬಿ... ಕಮ್ಮಿ ಬಿತ್ತಾ?" ಇಲ್ಲ ಎಂದೆ. ನಂಬಲಿಲ್ಲ. ಇನ್ನೊಂದು ಡಬ್ಬಿ ಬೆರೆಸಿದ್ದರೆ ಮಗು ದಾಟುತ್ತಿತ್ತು ಎಂದು ಅವರ ತಲೆಯಲ್ಲಿ ಕೂತುಬಿಟ್ಟಿದೆ. ಅದು ಸುಳ್ಳೆಂದು ಹೇಗೆ ಹೇಳಲಿ? ನಿಮ್ಮ ಪತ್ರ ಓದಿದ ಮೇಲೆ ಅದು ನಿಜವೆಂದು ನನಗೂ ಗೊತ್ತು. ಆದರೆ ತಪ್ಪು ಅವರ ಕೈಯದಲ್ಲ. ಅದನ್ನು ನಾನು ಹೇಳಿದರೆ ಸಾಲದು. ನೀವು ಬರಬೇಕು. ಅವರ ಎದುರು ಕೂತು, ಅವರ ತುಟಿ ನೋಡುತ್ತ, ಆ ಚಕ್ರದ ವಿಷಯ, ಜನವರಿಯ ವಿಷಯ ಎಲ್ಲ ಹೇಳಬೇಕು. ಅವರು ಏನು ಅಂದರೂ ಕೇಳಿಸಿಕೊಳ್ಳಬೇಕು.

ಬೇಗ ಬನ್ನಿ. ಬೆಳಗಾದರೆ ಕೊಟ್ಟಿಗೆ ಬಾಗಿಲಿನ ಬೆಂಚಿಗೆ ಹೋಗುತ್ತಾರೆ. ಎಡಗೈಯಲ್ಲಿ ಆಯಿಲ್ ಸುರಿಯುತ್ತಾರೆ, ಮುಚ್ಚಳ ಹಾಕಲು ಯಾರೋ ಬರುತ್ತಾರೆಂದು ಸ್ವಲ್ಪ ಹೊತ್ತು ನೋಡುತ್ತಾರೆ, ಆಮೇಲೆ ಹಲ್ಲಿನಲ್ಲಿ ಕಚ್ಚಿ ತಾವೇ ಬಿಗಿಮಾಡುತ್ತಾರೆ. ಬೆರೆಸಿದ ಡಬ್ಬಿಗಳು ಅಂಗಳ ದಾಟಿ ರಸ್ತೆಯವರೆಗೂ ನಿಂತಿವೆ. ಅದನ್ನು ಹಾಕಲು ನಮ್ಮ ಬಳಿ ಗಾಡಿ ಇಲ್ಲ. ನಿನ್ನೆ ಖಾಲಿ ಡಬ್ಬಿಗಳು ಮುಗಿದವು.

ಇವತ್ತು ಬೆರೆಸಲು ನೀರಿನ ಬಕೆಟ್ಟು ತರಿಸಿಕೊಂಡಿದ್ದಾರೆ.

ಗಾರೆನ್